ಹಳೆ ಗಾಡಿಗೆ ಬೇರೆ ಚಕ್ರ: ಒರಿಜಿನಲ್ ಅಲ್ಲದ ವೀಲ್ ಹಾಕಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ನಮ್ಮ ಭಾವ ಒಂದು ಹಳೆ ಮಹೀಂದ್ರ ಜೀಪು ತಂದದ್ದು ಆಂಧ್ರದ ಅನಂತಪುರ ಜಿಲ್ಲೆಯ ಬೆಳುಗುಪ್ಪ ಕಡೆಯಿಂದ. ರಾಯದುರ್ಗ, ಬೆಳುಗುಪ್ಪ, ಮಡಕಶಿರಾ ಈ ಊರುಗಳಲ್ಲಿ ಕನ್ನಡ ಇವತ್ತಿಗೂ ಮನೆಮಾತಾಗಿ ಉಳಿದಿದೆ. ರಾಯದುರ್ಗ 1953ರ ತನಕ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಹಾಗಾಗಿ ವ್ಯಾಪಾರ ಮಾತಾಡಲು ಕಷ್ಟವಾಗಲಿಲ್ಲ. ಶೇಂಗಾ ಬೆಳೆಯುವ ರೈತರ ಮನೆಯ ಗಾಡಿ ಅದು. ಬಾಡಿ ಗಟ್ಟಿ, ತುಕ್ಕು ಇಲ್ಲ, ಹದಿನಾರು ಇಂಚಿನ ಕಬ್ಬಿಣದ ಚಕ್ರ. ಮೊಳಕಾಲ್ಮೂರು, ಚಳ್ಳಕೆರೆ, ಹಿರಿಯೂರು, ಅರಸೀಕೆರೆ, ಹಾಸನ ದಾಟಿ ಶಿರಾಡಿ ಇಳಿದು ಮಂಗಳೂರಿಗೆ ಬರುವ ತನಕ ಒಂದು ಸದ್ದೂ ಮಾಡಲಿಲ್ಲ.

ಸಮಸ್ಯೆ ಶುರುವಾದದ್ದು ಊರಿಗೆ ಬಂದ ಮೇಲೆ. ಒಂದು ಅಂಗಡಿಯಲ್ಲಿ ಹದಿನೈದು ಇಂಚಿನ ಸೆಕೆಂಡ್‌ಹ್ಯಾಂಡ್ ಅಲಾಯ್ ಸೆಟ್ ಕಂಡಿತು, ಅಗಲ ಟಯರ್ ಸಮೇತ. "ಐದು ತೂತು, ಅದೇ ಅಳತೆ, ಕೂರುತ್ತದೆ" ಎಂದರು. ಕೂತಿತು ಕೂಡ. ಹಳೆ ನಟ್‌ಗಳನ್ನೇ ಬಿಗಿದರು. ಕಬ್ಬಿಣದ ಚಕ್ರಗಳು ಗುಜರಿಗೆ ಹೋದವು. ಒಂದು ತಿಂಗಳ ನಂತರ ಉಮ್ಮ, ಅಕ್ಕ, ಮಕ್ಕಳನ್ನು ಕೂರಿಸಿಕೊಂಡು ಸಕಲೇಶಪುರದಿಂದ ಘಾಟಿ ಇಳಿಯುವಾಗ ಹಿಂದಿನ ಎಡ ಚಕ್ರದಿಂದ "ಕಟ್ ಕಟ್" ಸದ್ದು. ಗುಂಡ್ಯ ಹತ್ತಿರ ನಿಲ್ಲಿಸಿ ನೋಡಿದರೆ ಐದರಲ್ಲಿ ಎರಡು ನಟ್ ಇಲ್ಲ, ಒಂದು ಸ್ಟಡ್ ತುಂಡಾಗಿದೆ, ಅಲಾಯ್‌ನ ತೂತುಗಳು ಉರುಟು ಇದ್ದದ್ದು ಮೊಟ್ಟೆಯಾಕಾರಕ್ಕೆ ಬಂದಿವೆ. ಇನ್ನೆರಡು ತಿರುವು ದಾಟಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಅಲ್‌ಹಮ್ದುಲಿಲ್ಲಾಹ್, ಎಲ್ಲರೂ ಮನೆ ಸೇರಿದೆವು.

ಈ ಲೇಖನ ಆ ದಿನದ ಪಾಠ. ನಮ್ಮ ಯುವಕರಲ್ಲಿ ಹಳೆ ಗಾಡಿಯ ಹುಚ್ಚು ಹೆಚ್ಚುತ್ತಿದೆ. ಅಜ್ಜನ ಅಂಬಾಸಿಡರ್, ತಂದೆ ಮೊದಲು ಕೊಂಡ ಮಾರುತಿ 800, ಪದ್ಮಿನಿ, ಜೀಪು, ಜಿಪ್ಸಿ, ಹಳೆ ಮರ್ಸಿಡಿಸ್. ಒಳ್ಳೆಯ ಹವ್ಯಾಸ, ತಪ್ಪೇನಿಲ್ಲ. ಆದರೆ ಮೊದಲು ಬದಲಾಯಿಸುವುದು ಚಕ್ರ, ಕಡಿಮೆ ಯೋಚಿಸುವುದೂ ಚಕ್ರದ ಬಗ್ಗೆಯೇ.

ಬೇರೆ ಚಕ್ರ ಯಾವಾಗ ಬೇಕು?

ಒರಿಜಿನಲ್ ಚಕ್ರವೇ ಯಾವತ್ತೂ ಶ್ರೇಷ್ಠ ಎನ್ನುವುದೂ ಸರಿಯಲ್ಲ. ನಲ್ವತ್ತು ಐವತ್ತು ವರ್ಷ ಹಳೆಯ ಕಬ್ಬಿಣದ ರಿಮ್‌ನಲ್ಲಿ ತುಕ್ಕು ಒಳಗಿಂದ ತಿಂದಿರಬಹುದು. ತೂತುಗಳ ಸುತ್ತ ಬಿರುಕು ಇರಬಹುದು. ಹಳೆ ಅಳತೆಯ ಟಯರ್ ಸಿಗದೇ ಹೋಗಬಹುದು. ಅಂಬಾಸಿಡರ್‌ಗೆ ಬರುತ್ತಿದ್ದ 5.90-15, ಪದ್ಮಿನಿಯ 5.20-14, ಜೀಪಿನ 6.00-16 ಇವೆಲ್ಲ ಇಂಚಿನ ಲೆಕ್ಕದ ಹಳೆ ಅಳತೆಗಳು. ಸಿಕ್ಕಿದ ಟಯರ್ ವರ್ಷಗಟ್ಟಲೆ ಗೋದಾಮಿನಲ್ಲಿ ಕೂತು ಗಟ್ಟಿಯಾಗಿದ್ದರೆ ಒರಿಜಿನಲ್ ಎನ್ನುವ ಹೆಸರು ಜೀವ ಉಳಿಸುವುದಿಲ್ಲ.

ಹಾಗಾಗಿ ಬೇರೆ ಚಕ್ರ ಹಾಕಲು ಸರಿಯಾದ ಕಾರಣ ಮೂರು: ಹಳೆಯದು ದುರಸ್ತಿಗೆ ಸಿಗದಷ್ಟು ಹಾಳಾಗಿದೆ, ಒಳ್ಳೆ ಟಯರ್ ಆ ಅಳತೆಯಲ್ಲಿ ಇಲ್ಲ, ಅಥವಾ ಟ್ಯೂಬ್‌ಲೆಸ್ ರೇಡಿಯಲ್ ಬೇಕು. "ನೋಡಲು ಚಂದ" ಎನ್ನುವುದು ನಾಲ್ಕನೆಯ ಕಾರಣ. ಅದೂ ಇರಲಿ, ಆದರೆ ಕೊನೆಗೆ ಇರಲಿ.

ಆರು ಅಳತೆ ಹೊಂದದೆ ಹಣ ಕೊಡಬೇಡಿ

ಒಂದು, ಪಿಸಿಡಿ. ನಟ್ ಹಾಕುವ ತೂತುಗಳ ಮಧ್ಯಬಿಂದುಗಳು ಒಂದು ವೃತ್ತದ ಮೇಲೆ ಇರುತ್ತವೆ. ಆ ವೃತ್ತದ ವ್ಯಾಸವೇ ಪಿಸಿಡಿ. 4×100 ಎಂದರೆ ನಾಲ್ಕು ತೂತು, 100 ಮಿ.ಮೀ. ವ್ಯಾಸ. ನಾಲ್ಕು ತೂತಿನ ಚಕ್ರದಲ್ಲಿ ಎದುರುಬದುರು ತೂತುಗಳ ಮಧ್ಯದಿಂದ ಮಧ್ಯಕ್ಕೆ ಅಳೆದರೆ ಆಯ್ತು. ಐದು ತೂತಿದ್ದರೆ ಎದುರು ತೂತು ಇರುವುದಿಲ್ಲ. ಆಗ ಪಕ್ಕಪಕ್ಕದ ಎರಡು ತೂತುಗಳ ಮಧ್ಯದ ದೂರ ಅಳೆದು 1.701ರಿಂದ ಗುಣಿಸಿ. ಜೀಪಿನಲ್ಲಿ ಪಕ್ಕದ ತೂತಿಗೆ ಸುಮಾರು 82 ಮಿ.ಮೀ. ಬರುತ್ತದೆ, ಗುಣಿಸಿದರೆ 139.7, ಅಂದರೆ ಹಳೆ ಲೆಕ್ಕದ ಐದೂವರೆ ಇಂಚು.

ಇಲ್ಲಿ ದೊಡ್ಡ ಮೋಸ "ಹತ್ತಿರ ಹತ್ತಿರ ಇದೆ" ಎನ್ನುವ ಮಾತು. 4×98ರ ಹಬ್ಬಿಗೆ 4×100ರ ಚಕ್ರವನ್ನು ಒತ್ತಿ ಬಿಗಿದರೆ ಕೂತಂತೆ ಕಾಣುತ್ತದೆ. ಆದರೆ ಪ್ರತಿ ಸ್ಟಡ್ ಒಂದು ಮಿ.ಮೀ. ಬಾಗಿ ನಿಂತಿರುತ್ತದೆ. ನಟ್ ಪೂರ್ತಿ ಕೂರುವುದಿಲ್ಲ, ಪ್ರತಿ ಸುತ್ತಿಗೂ ಸ್ಟಡ್ ಬಾಗಿ ನೆಟ್ಟಗಾಗಿ ದಣಿದು ಒಂದು ದಿನ ತುಂಡಾಗುತ್ತದೆ. 5×112 ಮತ್ತು 5×114.3 ಕಥೆಯೂ ಇಷ್ಟೇ. ತೂತನ್ನು ಕೊರೆದು ದೊಡ್ಡದು ಮಾಡಿಕೊಡುತ್ತೇವೆ ಎಂದರೆ ಆ ಅಂಗಡಿಯಿಂದ ಎದ್ದು ಬನ್ನಿ.

ಎರಡು, ಮಧ್ಯದ ತೂತು. ಅನೇಕ ಗಾಡಿಗಳಲ್ಲಿ ಚಕ್ರವನ್ನು ಸರಿಯಾಗಿ ಮಧ್ಯದಲ್ಲಿ ಕೂರಿಸುವುದು ನಟ್ ಅಲ್ಲ, ಹಬ್ಬಿನ ಉಬ್ಬು ಭಾಗ. ಚಕ್ರದ ತೂತು ಅದಕ್ಕಿಂತ ಸಣ್ಣದಿದ್ದರೆ ಚಕ್ರ ಕೂರುವುದೇ ಇಲ್ಲ. ದೊಡ್ಡದಿದ್ದರೆ ಕೂರುತ್ತದೆ, ಆದರೆ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ದೊಡ್ಡದಿದ್ದಾಗ ಸರಿಯಾದ ಅಳತೆಯ ಹಬ್ ರಿಂಗ್ ಹಾಕಬಹುದು. ಮರ್ಸಿಡಿಸ್‌ನ ಹಬ್ 66.6 ಮಿ.ಮೀ. ಹಳೆ ಆಡಿ, ಫೋಕ್ಸ್‌ವ್ಯಾಗನ್‌ಗಳದ್ದು 57.1. ಎರಡಕ್ಕೂ ಪಿಸಿಡಿ 5×112 ಇದ್ದರೂ 57.1ರ ಚಕ್ರ ಮರ್ಸಿಡಿಸ್‌ಗೆ ಕೂರುವುದಿಲ್ಲ.

ಮೂರು, ಆಫ್‌ಸೆಟ್. ಚಕ್ರದ ಅಗಲದ ಸರಿ ಮಧ್ಯಗೆರೆಯಿಂದ ಹಬ್ಬಿಗೆ ತಾಗುವ ಮುಖ ಎಷ್ಟು ದೂರ ಎನ್ನುವುದೇ ಆಫ್‌ಸೆಟ್. ಚಕ್ರದ ಒಳಗೆ ಇಟಿ 30, ಇಟಿ 45 ಎಂದು ಕೊರೆದಿರುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ, ಹೆಚ್ಚಾದಷ್ಟೂ ಒಳಗೆ ಹೋಗುತ್ತದೆ.

ಲೆಕ್ಕ ಹೀಗೆ. ಒರಿಜಿನಲ್ 5 ಇಂಚು ಅಗಲ, ಇಟಿ 30. ಹೊಸದು 7 ಇಂಚು ಅಗಲ, ಇಟಿ 10. ಅಗಲ ಎರಡು ಇಂಚು ಹೆಚ್ಚಿದರೆ ಪ್ರತಿ ಬದಿಗೆ 25.4 ಮಿ.ಮೀ. ಹೆಚ್ಚು. ಇಟಿ 20 ಕಡಿಮೆ ಆದ ಕಾರಣ ಚಕ್ರ ಇನ್ನೂ 20 ಮಿ.ಮೀ. ಹೊರಗೆ. ಅಂದರೆ ಹೊರಬದಿಗೆ 45.4 ಮಿ.ಮೀ. ಚಾಚುತ್ತದೆ, ಒಳಬದಿಗೆ 5.4 ಮಿ.ಮೀ. ಮಾತ್ರ ಸರಿಯುತ್ತದೆ. ಮಡ್‌ಗಾರ್ಡಿಗೆ ತಾಗದೆ ಇರುವುದಿಲ್ಲ. ತಾಗದಿದ್ದರೂ ಭಾರ ಬೀಳುವ ಜಾಗ ಬದಲಾಗಿ ಹಬ್ ಬೇರಿಂಗ್, ಕಿಂಗ್‌ಪಿನ್ ಬೇಗ ಸವೆಯುತ್ತವೆ. ಪವರ್ ಸ್ಟೇರಿಂಗ್ ಇಲ್ಲದ ಅಂಬಾಸಿಡರ್, ಜೀಪಿನಲ್ಲಿ ಕೈಗೆ ಭಾರವಾಗುವುದೂ ಇದರಿಂದಲೇ.

ನಾಲ್ಕು, ಒಟ್ಟು ಎತ್ತರ. ಟಯರ್ ಮೇಲೆ 145/70 ಆರ್12 ಎಂದಿದ್ದರೆ 145 ಮಿ.ಮೀ. ಅಗಲ, ಪಕ್ಕೆಯ ಎತ್ತರ ಅದರ ಶೇ. 70, ರಿಮ್ 12 ಇಂಚು. ಪಕ್ಕೆ 101.5 ಮಿ.ಮೀ., ಎರಡು ಪಕ್ಕೆ 203, ರಿಮ್ 304.8, ಒಟ್ಟು ಸುಮಾರು 508 ಮಿ.ಮೀ. ಅದೇ ರಿಮ್‌ಗೆ 145/80 ಆರ್12 ಹಾಕಿದರೆ 537 ಮಿ.ಮೀ. ವ್ಯತ್ಯಾಸ ಶೇ. 5.7. ಆಗ ಮೀಟರ್ 60 ತೋರಿಸುವಾಗ ಗಾಡಿ ನಿಜವಾಗಿ 63 ದಾಟಿರುತ್ತದೆ. ಗೇರ್ ಉದ್ದವಾಗುತ್ತದೆ, ಹತ್ತದಲ್ಲಿ ಎಳೆತ ಕಮ್ಮಿ, ಬ್ರೇಕಿಗೂ ಕೆಲಸ ಜಾಸ್ತಿ. ಒರಿಜಿನಲ್‌ಗಿಂತ ಶೇ. 3ರ ಒಳಗೆ ಇರುವಂತೆ ಆರಿಸುವುದು ಒಳ್ಳೆಯದು.

ಐದು, ಭಾರ ಹೊರುವ ಶಕ್ತಿ. ಇದನ್ನು ಯಾರೂ ಕೇಳುವುದಿಲ್ಲ. ಅಲಾಯ್ ಚಕ್ರದ ಒಳಗೆ ಗರಿಷ್ಠ ಭಾರ ಕೆ.ಜಿ.ಯಲ್ಲಿ ಬರೆದಿರುತ್ತದೆ. ಹಿಂದಿನ ಆಕ್ಸಲ್ ಮೇಲೆ ಜನ, ಸಾಮಾನು ಸೇರಿ 900 ಕೆ.ಜಿ. ಬೀಳುವ ಗಾಡಿಗೆ ಪ್ರತಿ ಚಕ್ರ ಕನಿಷ್ಠ 450 ಕೆ.ಜಿ. ಹೊರಬೇಕು. ಟಯರ್‌ನ ಲೋಡ್ ಇಂಡೆಕ್ಸ್ ಕೂಡ ನೋಡಿ. 75 ಎಂದರೆ 387 ಕೆ.ಜಿ., 82 ಎಂದರೆ 475, 88 ಎಂದರೆ 560, 95 ಎಂದರೆ 690. ಸಣ್ಣ ಕಾರಿನ ಅಲಾಯ್ ಜೀಪಿಗೆ ಕೂತರೂ ಹತ್ತು ಜನ ಹತ್ತಿದ ದಿನ ಬಿರುಕು ಬಿಡಬಹುದು. ಮದುವೆ ಸೀಸನ್‌ನಲ್ಲಿ ನಮ್ಮ ಗಾಡಿಗಳಲ್ಲಿ ಎಷ್ಟು ಜನ ಹತ್ತುತ್ತಾರೆ ಎಂದು ಎಲ್ಲರಿಗೂ ಗೊತ್ತು.

ಆರು, ನಟ್ ಮತ್ತು ಅದರ ಕೂರುವ ಜಾಗ. ನಮ್ಮ ಜೀಪು ಕೆಟ್ಟದ್ದು ಇಲ್ಲೇ. ನಟ್‌ನ ತುದಿ ಮೂರು ಥರ: ಕೋನ್ ಆಕಾರ, ಚೆಂಡಿನಂತೆ ಉರುಟು, ವಾಷರ್ ಇರುವ ಚಪ್ಪಟೆ. ಚಕ್ರದಲ್ಲಿ ಯಾವ ಆಕಾರದ ಗುಳಿ ಇದೆಯೋ ಅದೇ ಆಕಾರದ ನಟ್ ಬೇಕು. ಚೆಂಡಿನ ಗುಳಿಗೆ ಕೋನ್ ನಟ್ ಹಾಕಿದರೆ ಒಂದು ತೆಳು ಗೆರೆಯಷ್ಟೇ ತಾಗುತ್ತದೆ, ಎಷ್ಟು ಬಿಗಿದರೂ ಸಡಿಲವಾಗುತ್ತದೆ. ಹಳೆ ಮರ್ಸಿಡಿಸ್‌ನಲ್ಲಿ ಚೆಂಡಿನ ತುದಿಯ ಬೋಲ್ಟ್, ಟೊಯೋಟಾದ ಹಲವು ಕಂಪನಿ ಅಲಾಯ್‌ಗಳಿಗೆ ವಾಷರ್ ನಟ್, ಸುಜುಕಿಗೆ ಕೋನ್.

ತಿರುವಿನ ಅಳತೆಯೂ ಬೇರೆ. ಸುಜುಕಿಯಲ್ಲಿ 12×1.25, ಟೊಯೋಟಾದಲ್ಲಿ 12×1.5, ಹಳೆ ಜೀಪಿನಲ್ಲಿ ಅರ್ಧ ಇಂಚಿನ ಸ್ಟಡ್‌ಗೆ ಇಂಚಿಗೆ 20 ತಿರುವು. ಜೊತೆಗೆ ಹಳೆಯ ವಿಲ್ಲಿಸ್ ಮಾದರಿ ಜೀಪುಗಳಲ್ಲಿ ಎಡಬದಿಯ ಚಕ್ರಕ್ಕೆ ಎಡತಿರುವಿನ ಸ್ಟಡ್ ಬರುತ್ತದೆ. ಅದು ಗೊತ್ತಿಲ್ಲದ ಹುಡುಗರು ಬಿಚ್ಚಲು ಹೋಗಿ ಇನ್ನೂ ಬಿಗಿದು ಸ್ಟಡ್ ತುಂಡು ಮಾಡುತ್ತಾರೆ.

ಕಬ್ಬಿಣದ ಚಕ್ರದ ತಟ್ಟೆ ತೆಳು, ಅಲಾಯ್ ದಪ್ಪ. ಹಳೆ ಸ್ಟಡ್‌ನ ಉದ್ದ ಅಲಾಯ್ ದಾಟಿ ಹೊರಗೆ ಬರುವುದು ಕಮ್ಮಿ. ನಟ್ ನಾಲ್ಕು ಸುತ್ತಿಗೇ ಬಿಗಿಯಾದಂತೆ ಅನಿಸುತ್ತದೆ. ನಿಯಮ ಸುಲಭ: ಸ್ಟಡ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ನಟ್‌ನೊಳಗೆ ಹೋಗಬೇಕು. 12×1.5ಕ್ಕೆ 8 ಸುತ್ತು, 12×1.25ಕ್ಕೆ ಸುಮಾರು 10 ಸುತ್ತು, ಜೀಪಿನ ಅರ್ಧ ಇಂಚಿನ ಸ್ಟಡ್‌ಗೆ 10 ಸುತ್ತು. ಕೈಯಿಂದ ತಿರುಗಿಸಿ ಎಣಿಸಿ ನೋಡಿ. ಕಮ್ಮಿ ಬಂದರೆ ಉದ್ದ ಸ್ಟಡ್ ಹಾಕಿಸಿ, ಇಲ್ಲವೇ ಆ ಚಕ್ರ ಬಿಡಿ.

ಯಾವ ಗಾಡಿಗೆ ಏನು ಗಮನಿಸಬೇಕು

ಜೀಪು ಮತ್ತು ಜಿಪ್ಸಿ: ಮಹೀಂದ್ರ ಕಂಪನಿ ಶುರುವಾದದ್ದು 1945ರಲ್ಲಿ, ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಹೆಸರಿನಲ್ಲಿ, ಉಕ್ಕಿನ ವ್ಯಾಪಾರಕ್ಕೆ. ಪಾಲುದಾರ ಮಲಿಕ್ ಗುಲಾಮ್ ಮೊಹಮ್ಮದ್ ವಿಭಜನೆಯ ನಂತರ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾದರು. ಕಂಪನಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು, ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿತು. ಆ ವಂಶದ ಜೀಪುಗಳ ಪಿಸಿಡಿ 5×139.7. ಮಾರುತಿ ಜಿಪ್ಸಿಯದ್ದೂ ಅದೇ. ಹಾಗಾಗಿ ಚಕ್ರ ಅದಲು ಬದಲು ಮಾಡುವುದು ಸಾಮಾನ್ಯ. ಆದರೆ ತಿರುವು ಬೇರೆ, ಆಫ್‌ಸೆಟ್ ಬೇರೆ ಎನ್ನುವುದು ಮರೆಯಬೇಡಿ. ಜೀಪಿನ ಒರಿಜಿನಲ್ ರಿಮ್ 16 ಇಂಚು, ಅಗಲ ನಾಲ್ಕೂವರೆ ಇಂಚು ಮಾತ್ರ. ಅದರ 6.00-16 ಟಯರ್ ಎತ್ತರ ಸುಮಾರು 720 ಮಿ.ಮೀ. 235/75 ಆರ್15 ಹಾಕಿದರೆ 733 ಬರುತ್ತದೆ, ಎತ್ತರ ಸರಿ. ಆದರೆ ಆರು ಇಂಚಿನ ಜಾಗದಲ್ಲಿ ಒಂಬತ್ತು ಇಂಚು ಅಗಲದ ಟಯರ್, ಪೂರ್ತಿ ತಿರುಗಿಸಿದಾಗ ಸ್ಪ್ರಿಂಗ್ ಪಟ್ಟಿಗೆ ಉಜ್ಜುತ್ತದೆ. 215/75 ಆರ್15 ಎತ್ತರ 703, ಅಗಲವೂ ಮಿತ. ರಸ್ತೆಯ ಬಳಕೆಗೆ ಅದು ಸಾಕು.

ಮಾರುತಿ 800: ಮೊದಲ ಗಾಡಿ ಗ್ರಾಹಕರ ಕೈ ಸೇರಿದ್ದು 1983ರ ಡಿಸೆಂಬರ್‌ನಲ್ಲಿ. ಆ ಲೆಕ್ಕದಲ್ಲಿ ಮೊದಲ ಗಾಡಿಗಳಿಗೆ ನಲ್ವತ್ತು ದಾಟಿತು. ಪಿಸಿಡಿ 4×114.3, ರಿಮ್ 12 ಇಂಚು. ಹುಡುಗರು ಹುಡುಕುವುದು 13 ಅಥವಾ 14 ಇಂಚಿನ 4×100 ಅಲಾಯ್. ಅದು ಬದಲಿ ಅಡಾಪ್ಟರ್ ಇಲ್ಲದೆ ಕೂರುವುದಿಲ್ಲ. ಅಡಾಪ್ಟರ್ ಹಾಕಿದರೆ ಚಕ್ರ ಹೊರಗೆ ಬರುತ್ತದೆ, ಇಷ್ಟು ಹಗುರ ಗಾಡಿಯ ಬೇರಿಂಗ್‌ಗೆ ಅದು ತಡೆಯುವುದಿಲ್ಲ. ಹನ್ನೆರಡು ಇಂಚಿನಲ್ಲೇ ಒಳ್ಳೆ ಚಕ್ರ ಹುಡುಕಿ.

ಅಂಬಾಸಿಡರ್ ಮತ್ತು ಪದ್ಮಿನಿ: ಅಂಬಾಸಿಡರ್ ಉತ್ಪಾದನೆ 2014ರಲ್ಲಿ ನಿಂತಿತು. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಹೊರಟವು. ದಶಕಗಳಲ್ಲಿ ಈ ಗಾಡಿಗಳ ಹಬ್, ಡ್ರಮ್ ಎಷ್ಟೋ ಸಲ ಬದಲಾಗಿರುತ್ತವೆ. ಹಾಗಾಗಿ "ಈ ಮಾಡೆಲ್‌ಗೆ ಈ ಪಿಸಿಡಿ" ಎಂದು ಕಣ್ಣುಮುಚ್ಚಿ ಕೊಳ್ಳದೆ ನಿಮ್ಮ ಗಾಡಿಯ ಹಬ್ಬನ್ನೇ ಅಳೆಯಿರಿ. ಈ ಕಾಲದ ಕಬ್ಬಿಣದ ರಿಮ್‌ಗಳಲ್ಲಿ ಟ್ಯೂಬ್‌ಲೆಸ್‌ಗೆ ಬೇಕಾದ ಒಳ ಉಬ್ಬು ಇರುವುದಿಲ್ಲ. ರೇಡಿಯಲ್ ಹಾಕಿದರೂ ಟ್ಯೂಬ್ ಬೇಕು.

ಮರ್ಸಿಡಿಸ್ ಡಬ್ಲ್ಯೂ123: 1976ರಿಂದ ಎಂಬತ್ತರ ದಶಕದ ಮಧ್ಯದ ತನಕ ಬಂದ ಗಾಡಿ. 5×112, 14 ಇಂಚು, ಇಟಿ 30 ಆಸುಪಾಸು. ಗಲ್ಫಿನಿಂದ ಬರುವ ಹೊಸ ಮರ್ಸಿಡಿಸ್ ಅಲಾಯ್‌ಗಳು ಪಿಸಿಡಿಗೆ ಹೊಂದುತ್ತವೆ, ಆದರೆ ಅವುಗಳ ಇಟಿ ಬಹಳ ಸಲ 40ಕ್ಕೂ ಮೇಲೆ. ಒಳಬದಿಗೆ ತಾಗುತ್ತವೆ. ಆ ಕಾಲದ್ದೇ ಕಂಪನಿ ಅಲಾಯ್ ಹುಡುಕುವುದು ಜಾಣತನ.

ಸೆಕೆಂಡ್‌ಹ್ಯಾಂಡ್ ಸೆಟ್ ನೋಡುವಾಗ

ಗುಜರಿ ಅಂಗಡಿಯಲ್ಲಿ ಚಕ್ರ ಫಳಫಳ ಹೊಳೆಯುತ್ತಿದ್ದರೆ ಮೊದಲು ತಿರುಗಿಸಿ ಒಳಬದಿ ನೋಡಿ. ಹೊರಗೆ ಪೇಂಟ್ ಹೊಡೆಯುತ್ತಾರೆ, ಒಳಗೆ ಹೊಡೆಯುವುದಿಲ್ಲ.

ಒಳ ಅಂಚಿನಲ್ಲಿ ವೆಲ್ಡಿಂಗ್ ಗುರುತು ಇದ್ದರೆ ಬೇಡ. ಕಡ್ಡಿಯ ಬುಡದಲ್ಲಿ, ನಟ್ ಗುಳಿಯ ಸುತ್ತ ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ. ಸಂಶಯ ಇದ್ದರೆ ಎಂಜಿನಿಯರಿಂಗ್ ವರ್ಕ್‌ಶಾಪ್‌ನಲ್ಲಿ ಬಣ್ಣದ ದ್ರವ ಹಚ್ಚಿ ಬಿರುಕು ನೋಡುವ ಪರೀಕ್ಷೆ ಮಾಡಿಸಬಹುದು, ಖರ್ಚು ಹೆಚ್ಚಿಲ್ಲ. ಬ್ಯಾಲೆನ್ಸಿಂಗ್ ಮೆಷಿನ್‌ನಲ್ಲಿ ಬರೀ ರಿಮ್ ತಿರುಗಿಸಿದರೆ ಓರೆ ತಿಳಿಯುತ್ತದೆ. ಹಣ ಕೊಡುವ ಮುಂಚೆ ಇದನ್ನು ಮಾಡಿಸಿ, ಆಮೇಲೆ ಅಲ್ಲ.

ಒಳಗೆ ಅಚ್ಚಾದ ಗುರುತುಗಳನ್ನು ಓದಿ. ಅಳತೆ, ಇಟಿ, ಭಾರ, ತಯಾರಾದ ತಿಂಗಳು, ವರ್ಷ ಇರಬೇಕು. ಜಪಾನಿನ ಚಕ್ರಕ್ಕೆ ಜೆಡಬ್ಲ್ಯೂಎಲ್ ಮತ್ತು ವಿಐಎ ಗುರುತು, ಭಾರತದಲ್ಲಿ ಬಿಐಎಸ್ ಗುರುತು. ಏನೂ ಬರೆಯದ ಚಕ್ರ ಯಾರು ಮಾಡಿದ್ದೆಂದೇ ಗೊತ್ತಿಲ್ಲದ ಚಕ್ರ. ದೊಡ್ಡ ಬ್ರಾಂಡಿನ ಆಕಾರ ಮಾತ್ರ ನಕಲು ಮಾಡಿದ ಅಗ್ಗದ ಸೆಟ್‌ಗಳೂ ಬರುತ್ತವೆ. ಆಕಾರ ನಕಲು ಮಾಡುವುದು ಸುಲಭ, ಲೋಹದ ಗಟ್ಟಿತನ ನಕಲು ಮಾಡಲಾಗದು.

ಜೊತೆಗೆ ಬಂದ ಟಯರ್‌ನ ವಯಸ್ಸು ನೋಡಿ. ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ. ಹಳೆ ಗಾಡಿ ಹೆಚ್ಚು ಓಡುವುದಿಲ್ಲ, ಹಾಗಾಗಿ ಟಯರ್ ಸವೆಯುವ ಮೊದಲೇ ಮುದಿಯಾಗುತ್ತದೆ. ಕಟ್ಟೆ ಚೆನ್ನಾಗಿ ಕಂಡರೂ ಆರು ವರ್ಷದ ಮೇಲೆ ಪ್ರತಿ ವರ್ಷ ಪರೀಕ್ಷಿಸಿ, ಹತ್ತು ದಾಟಿದರೆ ಬಿಡಿ. ಕಟ್ಟೆಯ ಆಳ 1.6 ಮಿ.ಮೀ.ಗಿಂತ ಕಮ್ಮಿಯಾದರೆ ಕಾನೂನಿನಂತೆಯೂ ಅದು ನಾಲಾಯಕ್ಕು.

ಒಂದೇ ಆಕ್ಸಲ್‌ನಲ್ಲಿ ಒಂದು ಹಳೆ ಮಾದರಿ ನೈಲಾನ್ ಟಯರ್, ಒಂದು ರೇಡಿಯಲ್ ಯಾವತ್ತೂ ಬೇಡ. ಎರಡೇ ರೇಡಿಯಲ್ ಇದ್ದರೆ ಅವು ಹಿಂದೆ ಇರಲಿ.

ಕರಾವಳಿಯ ಉಪ್ಪು, ಬೆಳುಗುಪ್ಪದ ಬಿಸಿಲು

ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ. ಮಂಗಳೂರಿನಲ್ಲಿ 3,500 ಮಿ.ಮೀ. ಮೀರುತ್ತದೆ, ಮೇಲಿಂದ ಕಡಲಿನ ಗಾಳಿ. ಆ ಕಡೆಯ ಗಾಡಿ ಗಟ್ಟಿ ಇರುವುದಕ್ಕೆ ಇದೇ ಕಾರಣ. ಅದೇ ಗಾಡಿ ಉಳ್ಳಾಲ, ಮಲ್ಪೆಯಲ್ಲಿ ನಿಂತರೆ ಮೂರು ಮಳೆಗಾಲದಲ್ಲಿ ಬಣ್ಣ ಬದಲಾಗುತ್ತದೆ.

ಕರಾವಳಿಯಲ್ಲಿ ಅಲಾಯ್ ಆರಿಸುವವರು ಪೂರ್ತಿ ಪೇಂಟ್ ಅಥವಾ ಪೌಡರ್ ಕೋಟ್ ಮಾಡಿದ್ದನ್ನು ಆರಿಸಿ. ಕತ್ತರಿಸಿ ಹೊಳಪು ಮಾಡಿದ ಮುಖದ ಮೇಲಿನ ತೆಳು ವಾರ್ನಿಶ್‌ಗೆ ಒಂದು ಕಲ್ಲು ಬಡಿದರೆ ಅಲ್ಲಿಂದ ಬಿಳಿ ಹುಳುವಿನಂತೆ ತುಕ್ಕು ಹರಡುತ್ತದೆ. ಕ್ರೋಮ್ ಕೂಡ ಸಿಪ್ಪೆ ಏಳುತ್ತದೆ. ಇನ್ನೊಂದು ಸಂಗತಿ, ಅಲ್ಯೂಮಿನಿಯಂ ಚಕ್ರ ಕಬ್ಬಿಣದ ಹಬ್ಬಿಗೆ ಉಪ್ಪಿನಲ್ಲಿ ಅಂಟಿಕೊಂಡು ಬಿಡುತ್ತದೆ, ಪಂಕ್ಚರ್ ಆದ ರಾತ್ರಿ ಕಳಚುವುದೇ ಇಲ್ಲ. ವರ್ಷಕ್ಕೊಮ್ಮೆ ಕಳಚಿ, ಹಬ್ಬನ್ನು ವೈರ್ ಬ್ರಷ್‌ನಿಂದ ಉಜ್ಜಿ, ಮಧ್ಯದ ಉಬ್ಬಿಗೆ ಮಾತ್ರ ತೆಳುವಾಗಿ ಆಂಟಿ-ಸೀಜ್ ಹಚ್ಚಿ. ಸ್ಟಡ್‌ನ ತಿರುವಿಗೂ ನಟ್ ಕೂರುವ ಗುಳಿಗೂ ಹಚ್ಚಬೇಡಿ, ಹಚ್ಚಿದರೆ ಬಿಗಿತದ ಲೆಕ್ಕ ತಪ್ಪುತ್ತದೆ. ಕಬ್ಬಿಣದ ಚಕ್ರಕ್ಕೆ ಪೌಡರ್ ಕೋಟ್ ಮಾಡಿಸುವವರು ನಟ್ ಗುಳಿ ಮತ್ತು ಹಬ್ಬಿಗೆ ತಾಗುವ ಮುಖವನ್ನು ಖಾಲಿ ಬಿಡಿಸಿ. ದಪ್ಪ ಕೋಟಿಂಗ್ ಕುಸಿದರೆ ನಟ್ ಸಡಿಲ.

ಬಯಲುಸೀಮೆಯಲ್ಲಿ ಶತ್ರು ಬಿಸಿಲು. ಏಪ್ರಿಲ್, ಮೇಯಲ್ಲಿ ರಾಯದುರ್ಗ ಕಡೆ 40 ಡಿಗ್ರಿ ಮೀರುತ್ತದೆ. ಗಾಳಿಯ ಒತ್ತಡ ಪ್ರತಿ 5-6 ಡಿಗ್ರಿಗೆ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಬೆಳಿಗ್ಗೆ ತಣ್ಣಗಿರುವಾಗಲೇ ಗಾಳಿ ನೋಡಿ, ಮಧ್ಯಾಹ್ನ ಜಾಸ್ತಿ ಕಂಡಿತೆಂದು ಬಿಡಬೇಡಿ. ಬಿಸಿಯಲ್ಲಿ ಹೆಚ್ಚು ಅಪಾಯ ಕಮ್ಮಿ ಗಾಳಿಯಿಂದಲೇ. ಪಕ್ಕೆ ಮಡಚಿ ಮಡಚಿ ಬಿಸಿಯಾಗಿ ಸಿಡಿಯುತ್ತದೆ.

ಬಿಗಿಯುವ ಕ್ರಮ

ಮೊದಲು ಎಲ್ಲ ನಟ್‌ಗಳನ್ನೂ ಕೈಯಿಂದ ಕೂರಿಸಿ. ಆಮೇಲೆ ನಕ್ಷತ್ರದಂತೆ ಎದುರುಬದುರು ಬಿಗಿಯಿರಿ. ಕೊನೆಯ ಬಿಗಿತ ಟಾರ್ಕ್ ಪಾನಾದಲ್ಲಿ, ಗಾಡಿಯ ಕೈಪಿಡಿ ಹೇಳಿದಷ್ಟು. ಗಾಳಿ ಗನ್ನಿನಿಂದ ಒದ್ದು ಬಿಗಿಯುವುದು ಹಳೆ ಸ್ಟಡ್‌ಗೆ ಶಿಕ್ಷೆ. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿತ ನೋಡಲೇಬೇಕು. ನಾವು ಆ ಒಂದು ಕೆಲಸ ಮಾಡಿದ್ದರೆ ಗುಂಡ್ಯದ ಕಥೆಯೇ ಇರುತ್ತಿರಲಿಲ್ಲ.

ಸ್ಟೇರಿಂಗ್ ಎರಡೂ ಬದಿ ಪೂರ್ತಿ ತಿರುಗಿಸಿ, ಹಿಂದೆ ನಾಲ್ಕು ಜನ ಕೂರಿಸಿ, ಎಲ್ಲಾದರೂ ಉಜ್ಜುತ್ತದೆಯೇ ನೋಡಿ. ಬ್ರೇಕ್ ಡ್ರಮ್, ಪೈಪ್‌ಗೂ ಚಕ್ರಕ್ಕೂ ನಡುವೆ ಜಾಗ ಇರಲಿ. ಸ್ಟೆಪ್ನಿ ಹಳೆ ಕಬ್ಬಿಣದ್ದೇ ಇದ್ದರೆ ಅದರ ನಟ್‌ಗಳನ್ನು ಬೇರೆ ಚೀಲದಲ್ಲಿ ಗಾಡಿಯಲ್ಲೇ ಇಡಿ. ಅಲಾಯ್ ನಟ್ ಅದಕ್ಕೆ ಆಗುವುದಿಲ್ಲ. ಸಡಿಲ ಸ್ಪೇಸರ್ ತಟ್ಟೆ ಹಾಕಿ ಚಕ್ರ ಹೊರಗೆ ತರುವುದು ಬೇಡವೇ ಬೇಡ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ನೋಂದಣಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿದಿದೆ. ಮಡ್‌ಗಾರ್ಡ್ ದಾಟಿ ಚಾಚಿದ ಟಯರ್, ಅದಕ್ಕಾಗಿ ಕತ್ತರಿಸಿದ ಬಾಡಿ, ಮೀಟರ್ ತಪ್ಪಿಸುವಷ್ಟು ದೊಡ್ಡ ಚಕ್ರ ಇವು ಪೊಲೀಸ್ ಕಣ್ಣಿಗೂ ಆರ್‌ಟಿಒ ಕಣ್ಣಿಗೂ ಮೊದಲು ಬೀಳುತ್ತವೆ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಿಸಲು ಹೋಗುವಾಗ ತೊಂದರೆ. ಒರಿಜಿನಲ್‌ಗೆ ಹತ್ತಿರದ ಅಳತೆ ಇದ್ದರೆ ತಲೆನೋವು ಕಮ್ಮಿ. ಆದರೂ ದೊಡ್ಡ ಬದಲಾವಣೆಗೆ ಮುಂಚೆ ನಿಮ್ಮ ಆರ್‌ಟಿಒದಲ್ಲಿ ಕೇಳಿ. ವಿಮಾ ಕಂಪನಿಗೂ ತಿಳಿಸಿ ಪಾಲಿಸಿಯಲ್ಲಿ ಸೇರಿಸಿ. ಅಪಘಾತದ ಮೇಲೆ ವಾದ ಮಾಡುವುದು ಕಷ್ಟ.

ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರ ಜುಲೈಯಲ್ಲಿ ಕೇಂದ್ರ ಸರಕಾರ ಪ್ರತ್ಯೇಕ ವಿಂಟೇಜ್ ನೋಂದಣಿ ತಂದಿದೆ. ನಂಬರಿನಲ್ಲಿ ರಾಜ್ಯದ ಅಕ್ಷರದ ನಂತರ 'ವಿಎ' ಬರುತ್ತದೆ. ಹೊಸ ನೋಂದಣಿಗೆ 20,000 ರೂ., ಹತ್ತು ವರ್ಷ ಮಾನ್ಯ. ದಿನನಿತ್ಯದ ಓಡಾಟಕ್ಕೆ ಅಲ್ಲ, ಪ್ರದರ್ಶನ, ರ್‍ಯಾಲಿ ಇತ್ಯಾದಿಗೆ. ಇದಕ್ಕೆ ಗಾಡಿ ಮೂಲ ರೂಪದಲ್ಲಿ ಇರಬೇಕು. ನಿಮ್ಮ ಗಾಡಿ ಆ ವಯಸ್ಸಿನ ಹತ್ತಿರ ಇದ್ದರೆ ಹಳೆ ಚಕ್ರಗಳನ್ನು ಅಟ್ಟದಲ್ಲಿ ಇಡಿ. ಮಾರುವಾಗಲೂ ಬೆಲೆ ಬರುವುದು ಆ ಐದು ಕಬ್ಬಿಣದ ಚಕ್ರ ಮತ್ತು ಕ್ಯಾಪ್‌ಗಳಿಗೇ.

ಕೊನೆಯ ಮಾತು

ನಾವು ಆ ಅಲಾಯ್ ಸೆಟ್ ಬಿಟ್ಟೆವು. ಸ್ಟಡ್‌ಗಳೆಲ್ಲ ಹೊಸದು ಹಾಕಿಸಿದೆವು. ಆದರೆ ನಮ್ಮ ಹದಿನಾರು ಇಂಚಿನ ಚಕ್ರಗಳು ಆಗಲೇ ಗುಜರಿಯಲ್ಲಿ ಕರಗಿ ಹೋಗಿದ್ದವು. ಭಾವ ಬೆಳುಗುಪ್ಪಕ್ಕೆ ಫೋನ್ ಮಾಡಿದರು. ಜೀಪು ಮಾರಿದ ಯಜಮಾನರು ನಕ್ಕು, "ಶೇಂಗಾ ಚೀಲದ ಹಿಂದೆ ನಾಲ್ಕು ಬಿದ್ದಿವೆ, ಬಂದು ತಗೊಂಡು ಹೋಗಿ" ಎಂದರು. ತುಕ್ಕು ಉಜ್ಜಿ, ಬಿರುಕು ಪರೀಕ್ಷೆ ಮಾಡಿಸಿ, ಟ್ಯೂಬ್ ಸಮೇತ ಹೊಸ ಟಯರ್ ಹಾಕಿದೆವು. ಅಲಾಯ್‌ಗೆ ಸುರಿದ ಹಣಕ್ಕಿಂತ ಕಮ್ಮಿಯಲ್ಲಿ ಮುಗಿಯಿತು.

ಒಂಟೆಯನ್ನು ಕಟ್ಟಿ ಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕು ಎನ್ನುವುದು ಪ್ರವಾದಿಯವರು (ಸ) ಕಲಿಸಿದ ಪಾಠ. ಇವತ್ತಿನ ಒಂಟೆ ನಮ್ಮ ಗಾಡಿ, ಅದರ ಹಗ್ಗ ಈ ನಾಲ್ಕೈದು ನಟ್. ಹಿಂದಿನ ಸೀಟಿನಲ್ಲಿ ಕೂತ ಉಮ್ಮನಿಗೆ, ಮಕ್ಕಳಿಗೆ ಪಿಸಿಡಿ, ಇಟಿ ಏನೂ ಗೊತ್ತಿಲ್ಲ. ಅವರು ನಮ್ಮನ್ನು ನಂಬಿ ಕೂತಿರುತ್ತಾರೆ. ಆ ಅಮಾನತ್ ನೆನಪಿಟ್ಟುಕೊಂಡು ಚಕ್ರ ಆರಿಸಿ. ನಾಳೆ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಒಂದು ಪಾನಾ ಹಿಡಿದು ನಾಲ್ಕೂ ಚಕ್ರಗಳ ನಟ್ ಮುಟ್ಟಿ ನೋಡಿ. ಐದು ನಿಮಿಷದ ಕೆಲಸ.